ಬಾಳೇಶನ ಸುದ್ದಿ ಹೇಳಿದವರು ಯಾರು

ಎಮ್ಮೆ ಕೊಳ್ಳಲು ಬಂದವನು ಎಮ್ಮೆಯ ಕೆಚ್ಚಲು ಮುಟ್ಟಿ ನೋಡಲಿಲ್ಲ. ಹಲ್ಲು ನೋಡಲಿಲ್ಲ, ಎಷ್ಟನೆಯ ಸೂಲು ಎಂದು ಕೇಳಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಪಡಸಾಲೆಯ ಕಡೆ ಕತ್ತು ಉದ್ದ ಮಾಡಿದ. "ಮನ್ಯಾಗ ಮಂದಿ ಎಷ್ಟ ಅದೀರಿ?" ಅಂದ. "ಮಗಾ ಏನ ಮಾಡ್ತಾನ್ರಿ?" ಅಂದ. ಮೇಲವಂಕಿಯ ಸತ್ತೆವ್ವನಿಗೆ ಅಷ್ಟು ಸಾಕಾಯಿತು. ಇವನು ಎಮ್ಮೆಗೆ ಬಂದವನಲ್ಲ, ಹೆಣ್ಣಿನ ಕಡೆಯವನು.

ಈ ಸೀಮೆಯಲ್ಲಿ ಈಗ ಇದೊಂದು ಪದ್ಧತಿಯೇ ಆಗಿಬಿಟ್ಟಿದೆ. ಮೂವತ್ತು ದಾಟಿದ ಗಂಡುಗಳು ಊರಿಗೆ ಹತ್ತು ಹದಿನೈದು ಕೂತಿವೆ, ಹೆಣ್ಣು ಸಿಗುವುದಿಲ್ಲ. ಹೆಣ್ಣಿದ್ದವರಿಗೆ ಬಿಗುಮಾನ. ಅವರು ನೆಟ್ಟಗೆ ಬಂದು ವಿಚಾರಿಸುವುದಿಲ್ಲ. ಎಮ್ಮೆಯ ನೆಪ, ಮೇವಿನ ನೆಪ, ಹೊಲ ಗೇಣಿಗೆ ಕೊಡುತ್ತೀರಾ ಎಂಬ ನೆಪ. ಬಂದು ಮನೆ ನೋಡಿ, ಓಣಿಯಲ್ಲಿ ನಾಲ್ಕು ಮಂದಿಯ ಬಾಯಿ ಬಿಡಿಸಿ, ಚಹಾ ಕುಡಿದು ಹೋಗುತ್ತಾರೆ. ಸತ್ತೆವ್ವ ಇದನ್ನು ತಪ್ಪು ಅನ್ನುವವಳೂ ಅಲ್ಲ. ತಂಗಿಯ ಮಗಳನ್ನು ಕೊಡುವಾಗ ಅವಳೇ ಬೀಜದ ಶೇಂಗಾ ಕೇಳುವ ನೆಪದಲ್ಲಿ ಗಂಡಿನ ಮನೆಯ ಅಡುಗೆ ಕೋಣೆಯವರೆಗೂ ಹೊಕ್ಕು ಬಂದಿದ್ದಳು.

ಆದ್ದರಿಂದ ಅವನಿಗೆ ಗಟ್ಟಿ ಹಾಲಿನ ಚಹಾ ಕೊಟ್ಟು, ಏನೂ ಗೊತ್ತಾಗದವಳ ಹಾಗೆ ಎಮ್ಮೆಯ ಗುಣಗಾನ ಮಾಡುತ್ತ ಕೂತಳು. ಅದೇ ಹೊತ್ತಿಗೆ ಮಗ ಬಾಳೇಶ ಗೋಕಾಕದಿಂದ ಬಂದ. ಎಮ್ಮೆಯ ನೆಪದವನು ಅವನನ್ನು ಮಾತಿಗೆಳೆಯೋಣ ಎಂದು, "ಏನಪಾ, ಎಮ್ಮಿ ಛಲೋ ಹಿಂಡತೈತೇನ?" ಎಂದು ಕೇಳಿದ. ಬಾಳೇಶ ಅವನ ಮುಖ ನೋಡಲಿಲ್ಲ. ಗೋಡೆಯ ಕಡೆ ನೋಡುತ್ತ, "ಇಲ್ರಿ, ಹಾಲ ಕಡಿಮಿ ಆಗೇತಿ. ಕೊಳ್ಳಬ್ಯಾಡ್ರಿ" ಅಂದು ಒಳಗೆ ಹೋದ. ಸತ್ತೆವ್ವನಿಗೆ ಹಣೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು.

ಆ ವಾರವೇ, ಮಾತುಕತೆ ನಡೆದಿದ್ದ ಮೂಡಲಗಿಯ ಹೆಣ್ಣಿನ ಕಡೆಯವರು ಸಂಬಂಧ ಬೇಡ ಅಂದರು. ಜಾತಕ ಕೂಡುವುದಿಲ್ಲವಂತೆ. ಹದಿನೈದು ದಿನದ ಹಿಂದೆ ಅದೇ ಸ್ವಾಮಿಗಳ ಕೈಯಲ್ಲಿ ಅದೇ ಜಾತಕ ಚೆನ್ನಾಗಿಯೇ ಕೂಡಿತ್ತು. ಯಾರೋ ಏನೋ ಹೇಳಿದ್ದಾರೆ. ಇದು ಮೂರನೆಯ ಸಂಬಂಧ, ಮೂರೂ ಹೀಗೇ ಕಡೆಯ ಗಳಿಗೆಯಲ್ಲಿ ಮುರಿದವು. ಗಂಡ ಶೆಟ್ಟೆಪ್ಪ ತೀರಿಕೊಂಡ ಮೇಲೆ ಸತ್ತೆವ್ವನಿಗೆ ಉಳಿದಿದ್ದ ಆಸೆ ಒಂದೇ, ಈ ಹುಡುಗನಿಗೆ ಒಂದು ಹೆಣ್ಣು ತರುವುದು. ಅದಕ್ಕೆ ಕಲ್ಲು ಹಾಕುವವರು ಯಾರು ಎಂದು ಅವಳು ಊರಿನ ಒಂದೊಂದೇ ಮುಖವನ್ನು ಕಣ್ಣ ಮುಂದೆ ತಂದುಕೊಂಡಳು.

ಬಾಳೇಶನಿಗೆ ಊರು "ಒಂದ ನಮೂನಿ" ಎಂದು ಹೆಸರಿಟ್ಟಿತ್ತು. ಹುಚ್ಚನಲ್ಲ, ದಡ್ಡನಲ್ಲ, ಕುಡಿಯುವುದಿಲ್ಲ, ಇಸ್ಪೀಟು ಗೊತ್ತಿಲ್ಲ. ಗೋಕಾಕದಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ, ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಮಾತಾಡುವಾಗ ಎದುರಿನವರ ಕಣ್ಣು ನೋಡುವುದಿಲ್ಲ. ಮದುವೆ ಮನೆಯಲ್ಲಿ ಡಾಲ್ಬಿ ಹಚ್ಚಿದರೆ ಎರಡೂ ಕಿವಿ ಮುಚ್ಚಿಕೊಂಡು ಊಟ ಬಿಟ್ಟು ಎದ್ದು ಹೋಗುತ್ತಾನೆ. ಅಂಗಿಯ ಕಾಲರಿನ ಹಿಂದಿನ ಚೀಟಿ ಕತ್ತರಿಸದೆ ತೊಡುವುದಿಲ್ಲ. ನಾಳೆ ಆಗುತ್ತಾ ಎಂದು ಗಿರಾಕಿ ಕೇಳಿದರೆ, ಉಳಿದ ಅಂಗಡಿಯವರು ಆಗುತ್ತದೆ ಅಂದು ಎಂಟು ದಿನ ಓಡಾಡಿಸುತ್ತಾರೆ, ಇವನು "ಆಗೂದಿಲ್ಲ" ಅಂದುಬಿಡುತ್ತಾನೆ. ಗಿರಾಕಿಗೆ ಸಿಟ್ಟು ಬರುವುದು ಇವನ ಮೇಲೆಯೇ.

ಇಷ್ಟೇ ಆಗಿದ್ದರೆ ಸತ್ತೆವ್ವ ಹೇಗೋ ಸಂಭಾಳಿಸುತ್ತಿದ್ದಳು. ಆದರೆ ಊರಿಗೆ ಗೊತ್ತಿಲ್ಲದ ಇನ್ನೊಂದಿತ್ತು. ಬಾಳೇಶ ನಾಲ್ಕು ವರ್ಷದವರೆಗೆ ಮಾತೇ ಆಡಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಸೈಕಲ್ಲಿನ ಗಾಲಿ ತಿರುವಿ ತಿರುವಿ ಅದನ್ನೇ ನೋಡುತ್ತ ಹೊತ್ತು ಕಳೆಯುತ್ತಿದ್ದ, ಬಿಡಿಸಿದರೆ ನೆಲಕ್ಕೆ ತಲೆ ಬಡಿದುಕೊಳ್ಳುತ್ತಿದ್ದ. ಮಂದಿಯ ಕಣ್ಣಿಗೆ ಬೀಳಬಾರದೆಂದು ಸತ್ತೆವ್ವ ಅವನನ್ನು ಕೌಜಲಗಿಯ ತವರಿನಲ್ಲಿ ಇಟ್ಟುಕೊಂಡು, ಹುಡುಗ ಅಜ್ಜಿಯನ್ನು ಬಿಟ್ಟು ಇರುವುದಿಲ್ಲ ಎಂದು ಊರಿಗೆ ಸುದ್ದಿ ಹಬ್ಬಿಸಿದಳು. ಶೆಟ್ಟೆಪ್ಪ ಆಗ ಹಿಡಕಲ್ ಕಾಲುವೆಯ ಕೆಲಸದಲ್ಲಿದ್ದ, ಅಪರೂಪಕ್ಕೆ ಬರುತ್ತಿದ್ದ. ಈಗ ಅಜ್ಜಿಯೂ ಇಲ್ಲ, ಅವನೂ ಇಲ್ಲ. ಕಣ್ಣಾರೆ ಕಂಡವಳು ಒಬ್ಬಳೇ ಉಳಿದಿದ್ದಳು, ಪಕ್ಕದ ಮನೆಯ ಸುಲ್ತಾನಾಬಿ.

ಸುಲ್ತಾನಾಬಿ ಬಳೆ ಮಾರುವವಳು. ಆಗ ಮಗಳು ಹೀನಾಳನ್ನು ಕಂಕುಳಲ್ಲಿ ಹೊತ್ತುಕೊಂಡು ಕೌಜಲಗಿಯವರೆಗೂ ಹೋಗುತ್ತಿದ್ದಳು, ಮಧ್ಯಾಹ್ನ ಸತ್ತೆವ್ವನ ತವರಿನಲ್ಲೇ ಉಂಡು ಅಡ್ಡಾಗುತ್ತಿದ್ದಳು. ಈಗಲೂ ಅವಳ ಕಾಲಿಗೆ ಬಿಡುವಿಲ್ಲ. ಗೋಕಾಕ ಮೂಡಲಗಿ ಸೀಮೆಯ ಹೆಂಗಸರ ಕೈಯೆಲ್ಲ ಅವಳಿಗೆ ಗೊತ್ತು. ಬಳೆ ಇಡಿಸಿಕೊಳ್ಳುವ ಹೆಂಗಸು ಕೈ ಕೊಟ್ಟು ಸುಮ್ಮನೆ ಕೂತಿರುತ್ತಾಳೆಯೇ? ಆ ಊರಿನ ಗಂಡು ಹೇಗೆ, ಈ ಮನೆಯ ಅತ್ತೆ ಹೇಗೆ ಎಂದು ಕೇಳುತ್ತಲೇ ಇರುತ್ತಾಳೆ. ಸತ್ತೆವ್ವನ ಸಂಶಯಕ್ಕೆ ಇಷ್ಟು ಸಾಕಿತ್ತು. ಖರೆ ಹೇಳಬೇಕೆಂದರೆ ಸುಲ್ತಾನಾಬಿಯ ಮೇಲೆ ಅವಳಿಗೆ ಒಳಗೊಳಗೆ ಹಳೆಯದೊಂದು ಉರಿ ಬೇರೆ ಇತ್ತು. ಅದನ್ನು ಅವಳು ತನಗೆ ತಾನೇ ಹೇಳಿಕೊಂಡವಳಲ್ಲ.

ಸುಲ್ತಾನಾಬಿ ಮೂಡಲಗಿಗೆ ಹೋಗಿ ಬಂದಿದ್ದಳು ಎಂದು ತಿಳಿದ ದಿನ ಸತ್ತೆವ್ವ ತಡೆದುಕೊಳ್ಳಲಿಲ್ಲ. ಎದುರು ಮನೆಯ ಲಕ್ಕವ್ವನ ಕಟ್ಟೆಯ ಮೇಲೆ ಸುಲ್ತಾನಾಬಿ ಲಕ್ಕವ್ವನ ಕೈ ಹಿಡಿದು ಹಸಿರು ಬಳೆ ಏರಿಸುತ್ತಿದ್ದಳು. ಸುತ್ತ ನಾಲ್ಕು ಹೆಂಗಸರು.

"ಬಳಿ ಮಾರಾಕ ಹೋಗ್ತೀಯೋ, ಸುದ್ದಿ ಮಾರಾಕ ಹೋಗ್ತೀಯೋ?" ಎಂದು ಸತ್ತೆವ್ವ ನಿಂತಲ್ಲಿಂದಲೇ ಕೂಗಿದಳು. "ಮೂಡಲಗ್ಯಾಗ ನನ್ನ ಮಗನ ಸುದ್ದಿ ಎಷ್ಟಕ್ಕ ಮಾರಿ ಬಂದಿ?"

ಸುಲ್ತಾನಾಬಿ ತಲೆ ಎತ್ತಿ ಅವಳನ್ನು ನೋಡಿದಳು. "ನಾ ಏನೂ ಹೇಳಿಲ್ಲ ಸತ್ತೆವ್ವ."

"ನೀ ಹೇಳದಿದ್ರ ಮತ್ಯಾರ ಹೇಳ್ತಾರ? ನಿನಗಲ್ಲದ ಯಾರಿಗಿ ಗೊತ್ತೈತಿ?"

ಹೀಗೆ ಕೇಳಿದ್ದರಿಂದ ಗೊತ್ತಿರುವಂಥದ್ದು ಏನೋ ಇದೆ ಎಂದು ನಾಲ್ಕೂ ಹೆಂಗಸರಿಗೆ ತಿಳಿದುಹೋಯಿತು. ಸಿಟ್ಟಿನಲ್ಲಿ ಸತ್ತೆವ್ವನಿಗೆ ಅದು ಹೊಳೆಯಲಿಲ್ಲ. ಸುಲ್ತಾನಾಬಿ ಉಳಿದ ಬಳೆಗಳನ್ನು ಸಾವಕಾಶ ಏರಿಸಿ, ಪೆಟ್ಟಿಗೆ ಮುಚ್ಚಿಕೊಂಡು ಮನೆಗೆ ಹೋದಳು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಹೀನಾ ಹೆರಿಗೆಗೆಂದು ತವರಿಗೆ ಬಂದಳು, ಸತ್ತೆವ್ವ ಹೋಗಿ ನೋಡಲಿಲ್ಲ.

ಅಷ್ಟರಲ್ಲಿ ಹುಕ್ಕೇರಿಯಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಕಾಜಲ್, ಬಟ್ಟೆ ಹೊಲಿಯುತ್ತಾಳೆ. ತಂದೆ ಇಲ್ಲ, ಕಾಕಾ ರಾಜಪ್ಪನದೇ ಯಜಮಾನಿಕೆ. ಹುಡುಗಿ ನೋಡಲು ಹುಕ್ಕೇರಿಗೆ ಹೋದ ದಿನ ಬಾಳೇಶ ಅವಲಕ್ಕಿ ಹಾಗೇ ಬಿಟ್ಟ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ. ಹುಡುಗ ಹುಡುಗಿ ಹಿತ್ತಲಲ್ಲಿ ನಿಂತು ಸ್ವಲ್ಪ ಹೊತ್ತು ಮಾತಾಡಿದರು. ಹೊರಡುವಾಗ ರಾಜಪ್ಪ ಕೈ ಮುಗಿದು, "ನಮ್ಮ ಪೈಕಿ ಇಲ್ಲೇ ಒಬ್ಬಾಕಿ ಡಾಕ್ಟರ್ ಅದಾಳ್ರಿ. ಆಕೀನ್ನೂ ಒಂದ ಮಾತ ಕೇಳಿ ತಿಳಸ್ತೇವಿ" ಅಂದ. ಮದುವೆಯ ಮಾತಿನಲ್ಲಿ ಡಾಕ್ಟರಿಗೇನು ಕೆಲಸ? ಸತ್ತೆವ್ವನ ಕಿವಿ ನೆಟ್ಟಗಾಯಿತು.

ಎರಡು ವಾರ ಸುದ್ದಿ ಇಲ್ಲ. ಆಮೇಲೆ ಒಂದು ಸಂಜೆ ಬಾಳೇಶ ರೊಟ್ಟಿ ಮುರಿಯುತ್ತ ಹೇಳಿದ:

"ಅವ್ವಾ, ನಾಳಿ ಹುಕ್ಕೇರಿಗೆ ಬಾ. ಅಲ್ಲಿ ಡಾಕ್ಟರ್ ಬಾಯಾರು ನಿನ್ನ ಜೋಡಿ ಮಾತಾಡಬೇಕಂತ."

"ಯಾವ ಡಾಕ್ಟರ್? ಯಾಕ?"

"ಮನಸಿನ ಡಾಕ್ಟರ್. ನಾ ಎರಡ ಸರತಿ ಹೋಗಿ ಬಂದೇನಿ. ನಂಗ ಆಟಿಸಮ್ ಅಂಬೂದು ಐತೋ ಏನೋ ಅಂತ ನೋಡಾಕತ್ತಾರ. ಸಣ್ಣಾವ ಇದ್ದಾಗ ನಾ ಹೆಂಗಿದ್ನಿ ಅಂತ ನೀ ಹೇಳಬೇಕು."

"ನಿನ್ನ ಯಾರ ಕಳಿಸಿದ್ರಲ್ಲಿಗೆ?"

"ಯಾರೂ ಇಲ್ಲ. ಮೊಬೈಲ್‌ದಾಗ ಒಬ್ಬಾಂವ ತನ್ನ ವಿಷಯ ಹೇಳಾಕತ್ತಿದ್ದಾ. ನನ್ನಂಗ ಅನಿಸ್ತು. ಹೋದ್ನಿ."

ಸತ್ತೆವ್ವ ನಂಬಲಿಲ್ಲ. ಹುಕ್ಕೇರಿ ಊರು, ಹೆಣ್ಣು ಡಾಕ್ಟರು, ಹುಡುಗನ ಬಾಲ್ಯದ ವಿಚಾರಣೆ. ಇದು ರಾಜಪ್ಪನ ಕೆಲಸವೇ. ಹಿಂದೆ ಎಮ್ಮೆಯ ನೆಪದಲ್ಲಿ ಬರುತ್ತಿದ್ದರು, ಈಗ ದವಾಖಾನೆಯ ನೆಪದಲ್ಲಿ ಕರೆಸುತ್ತಿದ್ದಾರೆ. ತನ್ನ ಮಗ ಹುಂಬ, ಕರೆದರೆ ಹೋಗಿದ್ದಾನೆ. ಹೋಗದೆ ಇದ್ದರೆ ಸಂಶಯ ಇನ್ನೂ ಗಟ್ಟಿಯಾಗುತ್ತದೆ. ಬರುತ್ತೇನೆ ಅಂದಳು. ಇಳಕಲ್ ಸೀರೆ ತೆಗೆದಿಟ್ಟಳು.

ಘಟಪ್ರಭಾ ದಾಟಿ, ಹಿಡಕಲ್ ಡ್ಯಾಮಿನ ಹತ್ತಿರ ಬಸ್ಸು ಹೋಗುವಾಗಲೂ ಅವಳು ಕಿಟಕಿಯಾಚೆ ನೋಡಲಿಲ್ಲ. ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಜೋಡಿಸಿಕೊಳ್ಳುತ್ತಿದ್ದಳು. ದವಾಖಾನೆಯಲ್ಲಿ ಸರದಿ ಹಚ್ಚುವ ಹುಡುಗಿಯನ್ನು, "ಬಾಯಾರದು ಯಾವೂರವ್ವ?" ಎಂದು ಸಹಜವಾಗಿ ಕೇಳುವ ಹಾಗೆ ಕೇಳಿದಳು. ಅವಳು "ಇಲ್ಲೇ ಇರ್ತಾರ್ರಿ" ಅಂದಳು. ಸತ್ತೆವ್ವ ಮನಸ್ಸಿನಲ್ಲೇ ತಲೆಯಾಡಿಸಿದಳು.

ಡಾಕ್ಟರ್ ಮೇಘಾ ಎಂಬಾಕೆ ನಲವತ್ತರ ಒಳಗಿನವಳು. ನಾಡಿ ಹಿಡಿಯಲಿಲ್ಲ, ನಾಲಿಗೆ ತೋರಿಸು ಅನ್ನಲಿಲ್ಲ, ಕಿವಿಗೆ ನಳಿಗೆ ಸಿಕ್ಕಿಸಿಕೊಳ್ಳಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ಆರಾಮ ಕುಂದರ್ರಿ ಅವ್ವಾರ, ಸುಮ್ನ ಮಾತಾಡೂಣು" ಅಂದಳು. ಯಾವ ಡಾಕ್ಟರು ರೋಗಿಗಳು ಹೊರಗೆ ಸಾಲಾಗಿ ಕೂತಿರುವಾಗ ಸುಮ್ಮನೆ ಮಾತಾಡೋಣ ಅನ್ನುತ್ತಾನೆ? ಸತ್ತೆವ್ವನಿಗೆ ಉಳಿದಿದ್ದ ಒಂದಿಷ್ಟು ಅನುಮಾನವೂ ಹೋಯಿತು. ಎದುರಿಗೆ ಕೂತವಳು ಕಾಜಲಳ ಕಡೆಯವಳೇ.

"ಬಾಳೇಶಗ ಮಾತ ಯಾವಾಗ ಬಂತ್ರಿ?"

"ವರ್ಷ ತುಂಬೂದರೊಳಗ ಬಂತ್ರಿ. ಅರಳ ಹುರದಂಗ ಮಾತಾಡ್ತಿದ್ದಾ."

"ಹೆಸರ ಹಿಡದ ಕರದ್ರ ತಿರಗಿ ನೋಡ್ತಿದ್ನೇನ್ರಿ?"

"ನೋಡೂದೇನ ಬಂತ್ರಿ, ಓಡಿ ಬಂದ ತೊಡಿ ಮ್ಯಾಲ ಕುಂದರ್ತಿದ್ದಾ."

"ಓರಿಗಿ ಹುಡುಗೂರ ಜೋಡಿ ಆಟಾ?"

"ಓಣ್ಯಾಗಿನ ಹುಡುಗೂರೆಲ್ಲಾ ನಮ್ಮ ಪಡಸಾಲ್ಯಾಗ ಇರ್ತಿದ್ದೂವ್ರಿ."

ಹಟ? ಇಲ್ಲ. ಒಂದೇ ಆಟ ಹಿಡಿದು ಕೂರುವುದು? ಇಲ್ಲವೇ ಇಲ್ಲ. ಸದ್ದಿಗೆ ಹೆದರಿಕೆ? ಎಲ್ಲ ಮಕ್ಕಳಿಗಿದ್ದಷ್ಟು. ಸತ್ತೆವ್ವ ಒಂದು ಕಡೆಯೂ ತಡವರಿಸಲಿಲ್ಲ. ಬಾಳೇಶ ಬಾಜೂಕೆ ಕೂತು ನೆಲ ನೋಡುತ್ತ ಕೇಳುತ್ತಿದ್ದ. ಆ ವಯಸ್ಸಿನದು ಅವನಿಗೆ ಹೇಗೆ ನೆನಪಿರಬೇಕು? ಅವ್ವ ಹೇಳಿದ್ದೇ ಅವನ ಬಾಲ್ಯ.

ಡಾಕ್ಟರು ಪೆನ್ನು ಕೆಳಗಿಟ್ಟಳು. "ನೋಡ್ರಿ ಬಾಳೇಶ, ಮಂದಿ ಒಂದ ನಮೂನಿ ಅಂತಾರ ಅಂದ್ರ ಅದು ಆಟಿಸಮ್ ಅಂತ ಆಗೂದಿಲ್ಲ. ಕಡಿಮಿ ಮಾತಾಡೋರು, ನೆಟ್ಟಗ ಮಾತಾಡೋರು ಭಾಳ ಮಂದಿ ಇರ್ತಾರ. ಆಟಿಸಮ್ ಇದ್ರ ಅದರ ಗುರುತು ಸಣ್ಣಂದಿನಿಂದ ಇರಬೇಕು. ಅವ್ವಾರ ಹೇಳೂದು ಕೇಳಿದ್ರ ನಿಮಗ ಹಂಗೇನೂ ಇದ್ದಂಗ ಕಾಣೂದಿಲ್ಲ."

ಸತ್ತೆವ್ವ ಗೆದ್ದವಳ ಹಾಗೆ ಹೊರಗೆ ಬಂದಳು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ತಾನೇ ಎರಡು ಚಹಾ ಹೇಳಿದಳು. "ಕೇಳಿದಿ ಇಲ್ಲೋ? ಏನೂ ಇಲ್ಲಂದ್ರು. ಇನ್ನ ರಾಜಪ್ಪಗ ಫೋನ್ ಹಚ್ಚು, ಅವರ ಡಾಕ್ಟರ ಬಾಯಿಲೇನ ಬಂದೈತಿ."

"ಅವರ ಡಾಕ್ಟರ್ ಯಾರು?"

"ಈಕೀನ ಅಲ್ಲೇನ? ರಾಜಪ್ಪನ ಪೈಕಿ."

"ಅಲ್ಲವ್ವ. ಈ ಬಾಯಾರದು ಧಾರವಾಡ. ರಾಜಪ್ಪನ ಪೈಕಿ ಇರಾಕಿ ಹಲ್ಲಿನ ಡಾಕ್ಟರ್. ಕಾಜಲ್ ಹೇಳಿದ್ಲು."

ಸತ್ತೆವ್ವ ಲೋಟ ಕೆಳಗಿಟ್ಟಳು. ಬಾಳೇಶ ಮುಂದುವರಿಸಿದ. ಅವನ ಮಾತು ಯಾವಾಗಲೂ ಹಾಗೆ, ಏರಿಲ್ಲ, ಇಳಿವಿಲ್ಲ.

"ಕಾಜಲ್‌ಗ ನಾನ ಹೇಳೇನಿ, ನಂಗ ಹಿಂಗ ಸಂಶೆ ಐತಿ ಅಂತ. ತೋರಿಸಿಕೊಂಡ ಬಂದ ಏನೈತಿ ಅದನ್ನ ಹೇಳ್ರಿ ಅಂದಾಳ. ಮೂಡಲಗಿ ಹುಡುಗಿಗೂ ಹೇಳಿದ್ನಿ. ಆಕಿ ಒಲ್ಲೆ ಅಂದ್ಲು. ಅದಕಿಂತ ಮೊದಲಿನ ಇಬ್ಬರಿಗೆ, ನಂಗ ಮಂದಿ ಜೋಡಿ ಇರಾಕ ಬರೂದಿಲ್ಲ ಅಂತಷ್ಟ ಹೇಳಿದ್ನಿ. ಆಗ ಈ ಹೆಸರು ಗೊತ್ತಿದ್ದಿಲ್ಲ."

"ನೀನ?" ಅಂದಳು ಸತ್ತೆವ್ವ. "ನೀನ ಹೇಳಿದಿ?"

"ಕೇಳಿದ್ರು. ನಿಮ್ಮ ವಿಷಯ ಹೇಳ್ರಿ ಅಂದ್ರು. ಹೇಳಿದ್ನಿ."

ಕಟ್ಟೆಯ ಮೇಲೆ ತಲೆ ಎತ್ತಿ ನೋಡಿದ ಸುಲ್ತಾನಾಬಿಯ ಮುಖ ಸತ್ತೆವ್ವನಿಗೆ ನೆನಪಾಯಿತು. ಆದರೆ ಮಗನ ಮಾತು ಇನ್ನೂ ಮುಗಿದಿರಲಿಲ್ಲ.

"ಅಪ್ಪ ಸತ್ತಾಗ ನಾ ಅಳಲಿಲ್ಲ. ಕಲ್ಲಮನಸಿನಾಂವ ಅಂದ್ರು. ನಂಗೂ ಯಾಕ ಅಂತ ತಿಳೀಲಿಲ್ಲ. ಒಳಗ ಭಾಳ ಆಗಿತ್ತು, ಹೊರಗ ಬರಲಿಲ್ಲ. ಇದು ಆಟಿಸಮ್ ಇದ್ರೂ ಇರಬಹುದು ಅಂದಿದ್ರ ನಂಗ ಒಂದ ಕಾರಣ ಸಿಗತಿತ್ತು. ಈಗ ಬಾಯಾರು ಇಲ್ಲಂದ್ರು." ಅವನು ಲೋಟದ ಅಂಚನ್ನು ಬೆರಳಿನಿಂದ ಒರೆಸಿದ. "ಅಂದ್ರ ಮಂದಿ ಅನ್ನೂದ ಖರೆ. ನಾ ಕೆಟ್ಟ ಮನಷ್ಯಾ. ಅಷ್ಟ."

ಸತ್ತೆವ್ವ ಮಗನ ಮದುವೆ ಉಳಿಸಲು ಹೋಗಿ ಮಗನನ್ನೇ ಕೆಟ್ಟವನನ್ನಾಗಿ ಮಾಡಿ ಕೂರಿಸಿದ್ದಳು, ಅದೂ ಅವನ ಎದುರಿಗೆ, ನಗುನಗುತ್ತ. ಚಹಾ ಅಲ್ಲೇ ಬಿಟ್ಟು ಎದ್ದಳು. "ಏಳೋ" ಅಂದಳು. "ಏಳ, ಮತ್ತ ದವಾಖಾನಿಗೆ ಹೋಗೂಣು."

ಸರದಿ ಹಚ್ಚುವ ಹುಡುಗಿ ಬೇಡವೆಂದರೂ ಕೇಳದೆ ಬಾಗಿಲು ನೂಕಿದಳು. ನಿಂತುಕೊಂಡೇ ಹೇಳಿದಳು: ಮಾತು ಬಾರದ್ದು, ಕರೆದರೆ ನೋಡದಿದ್ದದ್ದು, ಗಾಲಿ ತಿರುವಿದ್ದು, ತಲೆ ಬಡಿದುಕೊಂಡದ್ದು, ಕೌಜಲಗಿಯಲ್ಲಿ ಬಚ್ಚಿಟ್ಟದ್ದು. ಬಾಳೇಶ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡ. ಒಮ್ಮೆ ಮಾತ್ರ ತಲೆ ಎತ್ತಿ, "ನಾ ಏನ?" ಅಂದ, ಬೇರೆ ಯಾರದೋ ಸುದ್ದಿ ಕೇಳಿದವನಂತೆ.

ಡಾಕ್ಟರು ಇಬ್ಬರನ್ನೂ ನೋಡಿದಳು. ಮೊದಲಿನ ಸಲಿಗೆ ಈಗ ಇರಲಿಲ್ಲ. "ಅವ್ವಾರ, ಅರ್ಧಾ ತಾಸಿನ ಹಿಂದ ಒಂದ ಹೇಳಿದ್ರಿ. ಈಗ ಇನ್ನೊಂದ ಹೇಳಾಕತ್ತೀರಿ. ಮಗಾ ಹೊರಗ ಏನರ ಅಂದಾನೇನು? ಯಾವದನ್ನ ಖರೆ ಅಂತ ತಿಳಕೊಳ್ಳಲಿ ನಾ?"

"ಇದ ಖರೆ ರಿ. ದೇವರಾಣಿಗೂ."

"ನಿಮ್ಮ ಮಾತ ಖರೆ ಇದ್ರೂ ಒಮ್ಮಿಗೇ ಹೌದು ಅನ್ನಾಕ ಬರೂದಿಲ್ಲ. ಇನ್ನೂ ನೋಡೂದೈತಿ. ಅಂವ ಸಣ್ಣಾವ ಇದ್ದಾಗ ಕಣ್ಣಾರೆ ಕಂಡವ್ರು ಮತ್ಯಾರರ ಇದ್ರ ಕರಕೊಂಡ ಬರ್ರಿ. ಅವರ ಬಾಯಿಲೆ ಕೇಳ್ತೇನಿ."

ಎಲ್ಲರನ್ನೂ ಸಂಶಯದಿಂದ ನೋಡಿ ಬದುಕಿದ ಸತ್ತೆವ್ವನನ್ನು ಈ ಹೊತ್ತು ಇನ್ನೊಬ್ಬರು ಹಾಗೆ ನೋಡಿದರು. 

ಮೇಲವಂಕಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಸತ್ತೆವ್ವ ತನ್ನ ಮನೆಗೆ ಹೋಗದೆ ಮಗನನ್ನು ಕರೆದುಕೊಂಡೇ ಸುಲ್ತಾನಾಬಿಯ ಬಾಗಿಲು ಬಡಿದಳು. ಸುಲ್ತಾನಾಬಿ ಹೊಸ್ತಿಲ ಒಳಗೇ ನಿಂತಳು.

"ಏನ? ಇನ್ಯಾವ ಊರಾಗ ಏನ ಮಾರಿ ಬಂದ್ನಂತ?"

"ನೀ ಯಾರಿಗೂ ಹೇಳಿಲ್ಲ ಸುಲ್ತಾನಾ. ಇಂವನ ಹೇಳ್ಯಾನ. ನಂದ ತಪ್ಪಾತು."

"ಓಣ್ಯಾಗ ಒದರಿದ್ದನ್ನ ಬಾಗಲದಾಗ ಪಿಸುಪಿಸು ಅಂದ್ರ ಹೆಂಗ?"

ಸತ್ತೆವ್ವ ತಿರುಗಿದಳು. ಎದುರು ಕಟ್ಟೆಯ ಮೇಲೆ ಲಕ್ಕವ್ವ ಕೂತೇ ಇದ್ದಳು, ಇನ್ನಿಬ್ಬರೂ ಇದ್ದರು. "ಲಕ್ಕವ್ವಾ, ಸುಲ್ತಾನಾಗ ನಾ ಅವತ್ತ ಅಂದದ್ದು ಸುಳ್ಳೈತಿ. ಆಕಿ ಏನೂ ಹೇಳಿಲ್ಲ" ಎಂದು ಗಂಟಲು ಬಿಚ್ಚಿ ಹೇಳಿದಳು.  ಆಮೇಲೆ ಸುಲ್ತಾನಾಬಿಗೆ ಹುಕ್ಕೇರಿಯ ಸಂಗತಿಯೆಲ್ಲ ತಿಳಿಸಿ, "ನೀ ಬಂದ ಹೇಳಬೇಕು" ಎಂದು ಕೇಳಿದಳು.

ಸುಲ್ತಾನಾಬಿ ನಕ್ಕಳು. ಒಳ್ಳೆಯ ನಗುವಲ್ಲ. "ಹೇಳಿದಿ ಅಂತ ಮಂದ್ಯಾಗ ಮಾನಾ ಕಳದಿ. ಈಗ ಹೇಳು ಅಂತಿ. ನಾ ಬರೂದಿಲ್ಲ."

"ನನ್ನ ಮ್ಯಾಲಿನ ಸಿಟ್ಟ ಇವನ ಮ್ಯಾಲ ಹಾಕಬ್ಯಾಡ."

"ಸಿಟ್ಟಲ್ಲ ಮಾರಾಯ್ತಿ. ನಿಂಗ ಮರತೈತಿ. ನಿಮ್ಮವ್ವನ ಮನ್ಯಾಗ ನನ್ನ ಹೀನಾನ ತಲಿ ಮ್ಯಾಲ ನನ್ನ ಕೈ ಇಡಿಸಿ ನೀ ಆಣಿ ಮಾಡಿಸಿದ್ದಿ, ಯಾರ ಮುಂದೂ ಬಾಯಿ ಬಿಡಬಾರ್ದಂತ. ಅದಕ್ಕ ಅವತ್ತೂ ಓಣ್ಯಾಗ ಬಾಯಿ ಮುಚ್ಚಿಕೊಂಡ ಬಂದ್ನಿ. ಈಗ ಆಕಿಗಿ ದಿನಾ ತುಂಬ್ಯಾವ. ಈ ಹೊತ್ತಿನ್ಯಾಗ ಆಣಿ ಮುರೀಲೇನ ನಾ?"

ಸತ್ತೆವ್ವ ಮರೆತಿದ್ದಳು, ಈಗ ಎಲ್ಲ ನೆನಪಾಯಿತು. ಆಣೆ ಹಾಕಿಸಿ ಎದ್ದು ಹೋಗಿ ಒಲೆಯ ಕೆಲಸದಲ್ಲಿ ಮರೆತಿದ್ದಳು. ಆಣೆ ಹೊತ್ತವಳು ಇಷ್ಟು ವರ್ಷ ಅದನ್ನು ಹೊತ್ತೇ ಇದ್ದಳು. "ಆಣಿ ಹಾಕಿಸಿದಾಕಿ ನಾನ ಬಿಡಸ್ತೇನಿ ಸುಲ್ತಾನಾ, ಬಿಟ್ಟೇನಿ" ಅಂದಳು.

"ನೀ ಬಿಟ್ರ ಹೆಂಗ? ಹೀನಾನ್ನ ಕೇಳು. ತಲಿ ಆಕೀದು."

ಒಳಗಿನಿಂದ ಹೀನಾ ಸೊಂಟದ ಮೇಲೆ ಕೈ ಇಟ್ಟುಕೊಂಡು ಸಾವಕಾಶ ನಡೆದು ಬಂದಳು. "ಏನಾತ ಕಾಕಿ? ನನ್ನ ತಲಿ ಮ್ಯಾಲ ಎಂಥಾ ಆಣಿ?"

ಕಟ್ಟೆಯ ಮೇಲಿನ ಹೆಂಗಸರು ಮಾತು ನಿಲ್ಲಿಸಿ ಇತ್ತ ಕಿವಿಗೊಟ್ಟಿದ್ದರು. ಹಿಂದೆ ಬಾಳೇಶ ನಿಂತಿದ್ದ. ಸತ್ತೆವ್ವ ದನಿ ಇಳಿಸಲಿಲ್ಲ.

"ನಮ್ಮ ಬಾಳೇಶಗ ನಾಕ ವರ್ಷ ಮಾತ ಬರಲಿಲ್ಲ ಹೀನಾ. ಅದನ್ನ ಮುಚ್ಚಾಕ ಆಣಿ ಹಾಕಿಸಿದ್ನಿ ಅಂತ ನಿಮ್ಮವ್ವ ತಿಳದಾಳ. ಅದಕ್ಕಲ್ಲ. ಕೌಜಲಗ್ಯಾಗ ಒಂದಿನ ನಿಮ್ಮವ್ವ ಬಳಿ ಪೆಟಗಿ ಇಳಿಸಿ ಕುಂತಿದ್ಲು, ನೀ ಆಕೀನ್ನ ಕರಿಯಾಕತ್ತಿದ್ದಿ. ಇಂವ ಗಾಲಿ ಬಿಟ್ಟ ಎದ್ದ ಬಂದು, ನಿನ್ನ ಕೇಳಿ ಕಲ್ತು, ಆಕಿಗಿ 'ಅಮ್ಮೀ' ಅಂದಾ. ಅವನ ಬಾಯಾಗಿನ ಮೊದಲನೇ ಮಾತು ಅದು. ನಾ ಬಾಜೂಕ ಕುಂತಿದ್ನಿ. ನನ್ನ ಕಡೆ ನೋಡಲಿಲ್ಲ. ಅದ ಯಾರಿಗೂ ಗೊತ್ತಾಗಬಾರ್ದಂತ ನಿನ್ನ ತಲಿ ಮ್ಯಾಲ ಕೈ ಇಡಿಸಿದ್ನವ್ವ."